ಭಾನುವಾರದ ಕಾಯಿಲೆ

ಕಾರಿನ ಕೀಲಿಕೈಯನ್ನು ಔಲಿಸ್ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ಹಿಲ್ಕಾ ಜಗಳವಾಡುತ್ತಿದ್ದಳು. ಬಾಗಿಲ ಪಕ್ಕದ ಮೊಳೆಯಿಂದ ಅದನ್ನು ತೆಗೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡು, "ಈ ಚಳಿಗಾಲ ಮುಗಿಯೋವರೆಗೂ ನಾನೇ ಕರ್ಕೊಂಡು ಹೋಗ್ತೀನಿ ಬಿಡು, ನಂಗೇನು ಬೇರೆ ಕೆಲಸ" ಎಂದ. ಬಹಳ ಮೆತ್ತಗೆ ಹೇಳಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಆ ದನಿಯನ್ನು ಅವಳು ಹಿಂದೆ ಒಂದೇ ಸಲ ಕೇಳಿದ್ದಳು. ಅವಳ ಅಕ್ಕ ಐಲಾಳಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಅವನು ಐಲಾಳ ಜೊತೆ ಹಾಗೆ ಮಾತಾಡಿದ್ದ.

ಐಲಾ ಈಗ ಪಟ್ಟಣದ ಆರೈಕೆ ಮನೆಯಲ್ಲಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಹಿಲ್ಕಾ ತನ್ನ ಹಳೆಯ ಕೆಂಪು ಕಾರು ತೆಗೆದು ಅವಳನ್ನು ನೋಡಲು ಹೋಗುತ್ತಿದ್ದಳು. ಕಾಡಿನ ನಡುವೆ ಗೆರೆ ಎಳೆದಂತೆ ನೇರವಾಗಿ ಹೋಗುವ ರಸ್ತೆ. ಆಕ್ಸಿಲರೇಟರ್ ಮೇಲೆ ಒಂದೇ ಸಮ ಕಾಲಿಟ್ಟರೆ ಪಟ್ಟಣದ ತಿರುವಿನವರೆಗೆ ಕಾಲು ಅಲುಗಿಸಬೇಕಾಗಿಲ್ಲ. ಜನವರಿಯ ಒಂದು ಭಾನುವಾರ ಆ ತಿರುವು ಬಂದಾಗ ಅವಳು ಕಾಲು ತೆಗೆದಳು, ಕಾರು ನಿಧಾನವಾಗಲಿಲ್ಲ. ಬ್ರೇಕ್ ಒತ್ತಿದರೆ ಎಂಜಿನ್ ಹಗ್ಗ ಜಗ್ಗುವ ಹೋರಿಯ ಹಾಗೆ ಮುಂದಕ್ಕೆ ಎಳೆಯಿತು. ಹೇಗೋ ತಿರುವು ದಾಟಿ, ರಸ್ತೆಯಂಚಿನಲ್ಲಿ ನಿಲ್ಲಿಸಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಹಾಗೇ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಚಾಲೂ ಮಾಡಿದರೆ ಎಲ್ಲ ಸರಿಯಾಗಿತ್ತು. ಮನೆಗೆ ಬಂದು ಹೇಳಿದಳು. ಪೆಡಲ್ಲಿಗೆ ಕಾಲುಹಾಸು ಸಿಕ್ಕಿಕೊಂಡಿರಬೇಕು ಎಂದು ಔಲಿಸ್ ಅದನ್ನು ತೆಗೆದು ಬಿಸಾಡಿದ.

ಮುಂದಿನ ಭಾನುವಾರ ಅವನೂ ಜೊತೆಗಿದ್ದ. ಅದೇ ತಿರುವು. ಎಂಜಿನ್ ಅರಚಿತು, ಚಕ್ರ ಜಾರಿತು, ಕಾರು ಮೂತಿ ಮುಂದಾಗಿ ಹಿಮದ ದಿಬ್ಬದೊಳಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಔಲಿಸ್ ಮೊದಲು ನೋಡಿದ್ದು ಅವಳ ಕಾಲನ್ನು.

"ನೀನು ಎರಡು ಪೆಡಲ್ಲನ್ನೂ ಒತ್ತಿಬಿಟ್ಟೆ ಅನ್ಸುತ್ತೆ ಕಣೆ" ಎಂದ. "ಆ ಬೂಟು ನೋಡು, ದೋಣಿ ಇದ್ದಂಗಿದೆ."

"ನಾನು ಒತ್ತಲಿಲ್ಲ."

"ಸರಿ. ಒತ್ತಲಿಲ್ಲ."

ಆ 'ಸರಿ' ಅವಳನ್ನು ಹಿಮಕ್ಕಿಂತ ಹೆಚ್ಚು ತಣ್ಣಗೆ ಮಾಡಿತು. ಮಧ್ಯವಾರದಲ್ಲಿ ಗ್ಯಾರೇಜಿನವನು ಕಾರನ್ನು ತನ್ನ ಬೆಚ್ಚನೆಯ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ನೋಡಿದ, ಒಂದು ಸುತ್ತು ಓಡಿಸಿ ಬಂದ, ಏನೂ ಇಲ್ಲ ಎಂದ. ಹೇಳಿದ್ದು ಅವಳಿಗಲ್ಲ, ಔಲಿಸ್‌ಗೆ. ಕೀಲಿಕೈ ಕೋಟಿನ ಜೇಬು ಸೇರಿದ್ದು ಅದಾದ ಮೇಲೆ. ಭಾನುವಾರಗಳಂದು ಔಲಿಸ್ ತನ್ನ ಪಿಕಪ್ಪಿನಲ್ಲಿ ಅವಳನ್ನು ಕರೆದುಕೊಂಡು ಹೋಗತೊಡಗಿದ.

ಆ ದಿನಗಳಲ್ಲಿ ಹಿಲ್ಕಾ ತನ್ನನ್ನು ತಾನೇ ಗುಟ್ಟಾಗಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಒಲೆ ಆರಿಸಿದೆನೇ ಎಂದು ಎರಡು ಸಲ ಹೋಗಿ ನೋಡುವುದು, ಆರಿಸಿದ್ದು ನೆನಪಿದೆ ಎಂದು ಸಮಾಧಾನ ಮಾಡಿಕೊಳ್ಳುವುದು, ಆ ನೆನಪು ನಿನ್ನೆಯದಿರಬಹುದು ಎಂದು ಮತ್ತೆ ಹೋಗುವುದು. ಶಾಲೆಯಲ್ಲಿ ಜೊತೆಗೆ ಕುಳಿತವರ ಹೆಸರುಗಳನ್ನು ಬೆಂಚಿನ ಪ್ರಕಾರ ಹೇಳಿಕೊಳ್ಳುವುದು. ರಾತ್ರಿ ಸಾಕ್ಸ್ ಕಳಚುವಾಗ ಬಲಗಾಲನ್ನು ನೋಡುತ್ತಿದ್ದಳು, ನೆರೆಮನೆಯವರು ನೋಡಿಕೊಳ್ಳಲು ಬಿಟ್ಟುಹೋದ ತುಂಟ ಮಗುವನ್ನು ನೋಡುವ ಹಾಗೆ. ಐಲಾಳಿಗೂ ಶುರುವಾದದ್ದು ಹೀಗೇ ತಾನೇ. ತಾನು ಮಾಡಲಿಲ್ಲ ಎಂದು ಅವಳೂ ಎಷ್ಟು ಖಚಿತವಾಗಿ ಹೇಳುತ್ತಿದ್ದಳು.

ಕೊನೆಗೆ ಹೇಳಿಕೊಂಡದ್ದು ತೈಮಿಗೆ. ಅದೂ ಹೇಳಬೇಕೆಂದು ಹೋದದ್ದಲ್ಲ. ಕುರ್ಚಿಯ ಮೆತ್ತೆ ಹೊಲಿಸಬೇಕಿತ್ತು. ಕಾಲಿನಿಂದ ತಳ್ಳುವ ಜಾರುಬಂಡಿಯ ಮೇಲೆ ಮೆತ್ತೆಯನ್ನು ಕಟ್ಟಿಕೊಂಡು ತೈಮಿಯ ಹೊಲಿಗೆ ಕೋಣೆಗೆ ಹೋದಳು. ತೈಮಿ ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನವಳು. ಹರೆಯದಲ್ಲಿ ಹಳ್ಳಿಗಾಡಿನ ಕಾರು ರೇಸಿನಲ್ಲಿ ಹೆಂಗಸರ ಗುಂಪಿನಲ್ಲಿ ಓಡಿಸಿದವಳು. ಆ ರೇಸಿಗೊಂದು ಕಾನೂನಿತ್ತು. ಓಟ ಮುಗಿದ ಮೇಲೆ ಯಾರು ಬೇಕಾದರೂ ಯಾವ ಕಾರನ್ನು ಬೇಕಾದರೂ ಗೊತ್ತು ಮಾಡಿದ ಒಂದೇ ಬೆಲೆಗೆ ಕೇಳಬಹುದು; ಕೇಳಿದರೆ ಕೊಡಲೇಬೇಕು. ದುಡ್ಡಿದ್ದವರು ಭಾರಿ ಕಾರು ತಂದು ಮೆರೆಯದಿರಲಿ ಎಂದು ಮಾಡಿದ ಕಾನೂನು. ತೈಮಿ ಗೆದ್ದಾಗಲೆಲ್ಲ ಅವಳ ಕಾರನ್ನು ಯಾರೋ ಕೇಳಿ ಕೊಂಡೊಯ್ಯುತ್ತಿದ್ದರು, ಅವಳು ಇನ್ನೊಂದು ಗುಜರಿ ಗಾಡಿ ಹುಡುಕಿ ಮೊದಲಿನಿಂದ ಶುರು ಮಾಡುತ್ತಿದ್ದಳು. ಹಾಗಾಗಿ ಅವಳ ಕೈ ಹಾಯದ ಕಾರು ಆ ಸೀಮೆಯಲ್ಲಿ ಇರಲಿಲ್ಲ. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

"ಕಾರೆಲ್ಲಿ? ಜಾರುಬಂಡಿ ತಳ್ಕೊಂಡು ಬಂದಿದೀಯ, ಮತ್ತೆ ಪ್ರಾಯ ಬಂತಾ?" ಎಂದಳು.

ಹಿಲ್ಕಾ ಮೆತ್ತೆಯನ್ನು ಮೇಜಿನ ಮೇಲಿಟ್ಟು, ನಗಲು ಹೋಗಿ, ನಗಲಾಗದೆ, ಎಲ್ಲವನ್ನೂ ಹೇಳಿದಳು. ತೈಮಿ ಸೂಜಿ ನಿಲ್ಲಿಸದೆ ಕೇಳಿಸಿಕೊಂಡಳು.

"ಕಾಲು ತೆಗೆದಾಗ ಪೆಡಲ್ಲು ನಿನ್ನ ಕಾಲ ಜೊತೆ ಮೇಲೆ ಬಂತಾ, ಇಲ್ಲಾ ಕೆಳಗೇ ಬಿದ್ಕೊಂಡಿತ್ತಾ?"

ಹಿಲ್ಕಾ ಅವಳ ಮುಖ ನೋಡಿದಳು. ಇಷ್ಟು ದಿನ ಕೇಳಿದವರೆಲ್ಲ ಕೇಳಿದ್ದು ಅವಳ ಬಗ್ಗೆ: ನಿದ್ದೆ ಸರಿ ಬಂದಿತ್ತಾ, ಗಾಬರಿಯಾಗಿತ್ತಾ, ಯಾವ ಬೂಟು ಹಾಕಿದ್ದೆ. ಕಾರಿನ ಬಗ್ಗೆ ಯಾರೋ ಕೇಳಿದ್ದು ಇದೇ ಮೊದಲು.

"ಕೆಳಗೇ ಇತ್ತು" ಎಂದಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು. "ನನ್ನ ಕಾಲು ಮೇಲೆ ಬಂತು, ಅದು ಬರ್ಲಿಲ್ಲ."

"ತಟಕ್ಕಂತ ಆಯ್ತಾ, ನಿಧಾನಕ್ಕಾ?"

"ಗೊತ್ತಾಗ್ಲಿಲ್ಲ. ಎಷ್ಟೋ ಹೊತ್ತು ಒಂದೇ ಸಮ ಬಂದಿದ್ದೆ, ಕಾಲೇ ಅಲುಗಿಸಿರ್ಲಿಲ್ಲ."

"ವಾರದ ದಿನ? ಅಂಗಡಿಗೆ ಹೋಗ್ತೀಯಲ್ಲ?"

"ಹೋಗ್ತಿದ್ದೆ. ಏನೂ ಆಗಿಲ್ಲ. ಭಾನುವಾರ ಮಾತ್ರ."

"ನಿನ್ನ ಕಾರಿಗೆ ದೇವರ ಭಯ ಜಾಸ್ತಿ" ಎಂದಳು ತೈಮಿ.

"ಇಲ್ಲಾ ನಂಗೆ ಭಾನುವಾರ ತಲೆ ಕೆಡುತ್ತೆ."

ಆಗ ತೈಮಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ತಲೆ ಕೆಟ್ಟೋರಿಗೆ ವಾರ ಗೊತ್ತಿರಲ್ಲ ಕಣೆ. ವಾರ ನೋಡ್ಕೊಂಡು ಬರೋದು ಕಾರಿನ ಕಾಯಿಲೆ. ಕೇಬಲ್ಲೇ ಇರ್ಬೇಕು. ಪೆಡಲ್ಲಿಂದ ಎಂಜಿನ್‌ಗೆ ಒಂದು ತಂತಿ ಹೋಗುತ್ತೆ, ಒಂದು ಕೊಳವೆ ಒಳಗೆ. ನೀನು ಒತ್ತಿದ್ರೆ ಅದು ಎಳೆಯುತ್ತೆ, ಅಲ್ಲಿ ಗಾಳಿ ಹೋಗೋ ಬಾಗಿಲು ತೆರ್ಕೊಳ್ಳುತ್ತೆ. ಆ ತಂತಿ ಎಲ್ಲೋ ಹಿಡ್ಕೊಳ್ತಾ ಇದೆ."

"ಹಾಗಾದ್ರೆ ಹೊಸದು ಹಾಕು. ಹೇಗೂ ನಿನಗೆ ಬರುತ್ತಲ್ಲ."

"ನಾಳೇನೇ ಹಾಕ್ಬಹುದು. ಕಾರು ಸರಿಹೋಗುತ್ತೆ." ತೈಮಿ ಕನ್ನಡಕದ ಮೇಲಿನಿಂದ ನೋಡಿದಳು. "ನೀನು ಸರಿಹೋಗಲ್ಲ. ಮತ್ತೆ ಆಗದೇ ಇದ್ರೂ, ಅವತ್ತು ಆಗಿದ್ದು ಕಾರಿಂದಲೋ ನನ್ನಿಂದಲೋ ಅಂತ ಸಾಯೋವರೆಗೂ ಕೊರೀತಾ ಇರ್ತೀಯ. ಕಾಯಿಲೆ ನಮ್ಮ ಕಣ್ಣೆದುರಿಗೆ ಬರ್ಬೇಕು. ಪ್ರತಿ ಶನಿವಾರ ಏನೇನು ಮಾಡ್ತಿದ್ರೋ ಈ ಶನಿವಾರಾನೂ ಎಲ್ಲಾ ಹಾಗೇ ಮಾಡಿ. ಒಂದನ್ನೂ ಬಿಡ್ಬೇಡಿ. ಭಾನುವಾರ ನಾನು ಬರ್ತೀನಿ. ರಸ್ತೆಗಲ್ಲ, ಹೆಪ್ಪುಗಟ್ಟಿರೋ ಕೆರೆ ಮೇಲೆ ಹೋಗೋಣ. ಅಲ್ಲಿ ಗುದ್ದೋಕೆ ಏನೂ ಇಲ್ಲ."

ಜಾರುಬಂಡಿ ತಳ್ಳಿಕೊಂಡು ವಾಪಸು ಬರುವಾಗ ಹಿಲ್ಕಾ ಯೋಚಿಸಿದ್ದು ಕೇಬಲ್ಲಿನ ಬಗ್ಗೆ ಅಲ್ಲ. ಸಹಾಯ ಮಾಡಲು ಎಲ್ಲರೂ ತಯಾರಿದ್ದರು. ಔಲಿಸ್ ಇದ್ದ, ಗ್ಯಾರೇಜಿನವನಿದ್ದ, ಆರೈಕೆ ಮನೆಯ ನರ್ಸು ಕೂಡ ಒಂದು ಮಾತ್ರೆಯ ಹೆಸರು ಹೇಳಿದ್ದಳು. ತೈಮಿ ಸಹಾಯದ ಮಾತೇ ಆಡಲಿಲ್ಲ. ಹಿಲ್ಕಾ ಹೇಳಿದ್ದನ್ನು ನಿಜ ಎಂದಿಟ್ಟುಕೊಂಡು ಅಲ್ಲಿಂದ ಮುಂದೆ ಹೊರಟಳು, ಅಷ್ಟೆ. ಅದು ಎಷ್ಟು ಅಪರೂಪದ ಗುಣ ಎಂದು ಹಿಂದಿನ ಬೆಂಚಿನಲ್ಲಿ ಅವಳಿದ್ದಾಗ ತನಗೆ ತಿಳಿದಿರಲಿಲ್ಲ.

ಶನಿವಾರ ಎಲ್ಲ ಶನಿವಾರಗಳ ಹಾಗೇ ಕಳೆಯಿತು. ಔಲಿಸ್ ಸೌನಾದ ಒಲೆಗೆ ಸೌದೆ ಒಟ್ಟಿದ, ಇಬ್ಬರೂ ಕಾದ ಕಲ್ಲುಗಳ ಮೇಲೆ ನೀರೆರಚಿ ಹಬೆಯಲ್ಲಿ ಕುಳಿತು ಮಿಂದರು, ಸಾಸೇಜು ಸುಟ್ಟುಕೊಂಡು ತಿಂದರು. ಕೀಲಿ ಕೇಳಿದಾಗ ಔಲಿಸ್ ಬೇಡವೆನ್ನಲಿಲ್ಲ. "ಆ ತೈಮಿ ಜೊತೆ ಮಂಜುಗಡ್ಡೆ ಮೇಲಾ? ಅವಳು ಓಡಿಸಿದ ಕಾರೆಲ್ಲ ಗುಜರಿಗೆ ಹೋಗಿವೆ, ಗೊತ್ತಿರ್ಲಿ" ಎಂದ. ಮೂರನೆಯ ಸಲವೂ ಅವಳಿಂದಲೇ ತಪ್ಪಾಗಿ, ಅದನ್ನು ಅವಳೇ ನೋಡುವಂತಾದರೆ ಏನು ಗತಿ ಎಂದು ಅವನು ಹೆದರಿದ್ದ. ಆ ಹೆದರಿಕೆ ಅವಳಿಗೂ ಇತ್ತು.

ಬೆಳಿಗ್ಗೆ ತೈಮಿ ಬಂದಾಗ ಔಲಿಸ್ ಸೌನಾಕ್ಕೆ ಅಂಟಿಕೊಂಡ ಕೊಟ್ಟಿಗೆಯ ಬಾಗಿಲು ತೆರೆದು ಕಾರನ್ನು ಹೊರಗೆ ತರುತ್ತಿದ್ದ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಅಂಗಳದಲ್ಲಿ ಅವನ ಪಿಕಪ್ಪು ಬಿಳಿ ತುಪ್ಪಳ ಹೊದ್ದು ನಿಂತಿತ್ತು. ಕೆಂಪು ಕಾರಿನ ಗಾಜಿನ ಮೇಲೆ ಮಾತ್ರ ಒಂದು ಎಳೆ ಹಿಮವಿಲ್ಲ. ಆಗ ತಾನೇ ಮಿಂದು ಬಂದಂತೆ ಹೊಳೆಯುತ್ತಿತ್ತು. ತೈಮಿ ಕಾರಿನ ಸುತ್ತ ಒಂದು ಸುತ್ತು ಬಂದಳು, ಕೊಟ್ಟಿಗೆಯ ಒಳಗೊಮ್ಮೆ ಇಣುಕಿದಳು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು.

"ಕಾಫಿ ಕುಡಿಯೋಣ. ಕಾರು ಹೊರಗೇ ಇರ್ಲಿ" ಎಂದಳು.

"ಕಾರು ತಣ್ಣಗಾಗುತ್ತೆ ತೈಮಿ. ಬೆಚ್ಚಗಿರುವಾಗ್ಲೇ ಹೊರಡಿ" ಎಂದ ಔಲಿಸ್.

"ಹಿಲ್ಕಾ ಕಾಫಿ ಕುಡೀದೆ ಹೊರಡ್ತಾಳಾ ಯಾವತ್ತಾದ್ರೂ?"

"ಇಲ್ಲ."

"ಮತ್ತೆ?"

ಕಾಫಿಯಾದ ಮೇಲೆ ಹೊರಟರು. ಕೆರೆ ಎಂದರೆ ಆಚೆ ದಡ ಕಾಣದಷ್ಟು ಉದ್ದದ ಕೆರೆ. ಮಂಜುಗಡ್ಡೆಯ ಮೇಲೆ ಹಿಮ ಗೋರಿ ಮಾಡಿದ ದಾರಿ, ಎರಡೂ ಬದಿಗೆ ಗುರುತಿಗೆಂದು ನೆಟ್ಟ ಸ್ಪ್ರೂಸ್ ಮರದ ರೆಂಬೆಗಳ ಸಾಲು. ತೈಮಿ ಪಕ್ಕದ ಸೀಟಿನಲ್ಲಿ ಫ್ಲಾಸ್ಕನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತಳು.

"ರಸ್ತೆಯಲ್ಲಿ ಹೇಗೆ ಹೋಗ್ತೀಯೋ ಹಾಗೇ. ಒಂದೇ ವೇಗ. ಕಾಲು ಅಲುಗಿಸ್ಬೇಡ. ನಾನು ಹೇಳೋವರೆಗೂ ತೆಗೀಬೇಡ."

ಹಿಲ್ಕಾ ಓಡಿಸಿದಳು. ವಾರಗಳ ನಂತರ ಸ್ಟಿಯರಿಂಗ್ ಕೈಗೆ ಬಂದಿತ್ತು, ಮೊದಮೊದಲು ಕೈಯೇ ಮರಗಟ್ಟಿದಂತಿತ್ತು. ಅರ್ಧ ಕೆರೆ ದಾಟಿದ ಮೇಲೆ "ತೆಗಿ" ಎಂದಳು ತೈಮಿ. ತೆಗೆದಳು. ಕಾರು ವಿಧೇಯವಾಗಿ ನಿಧಾನವಾಯಿತು. ತಪ್ಪು ಕಾರಿನದಲ್ಲ ಎಂದುಕೊಂಡಳು ಹಿಲ್ಕಾ. ಹಾಗಾದರೆ ತಾನೇ.

"ಮುಖ ಯಾಕೆ ಹಾಗೆ ಮಾಡ್ತೀಯ? ರಸ್ತೇಲಾಗಿದ್ರೆ ಪಟ್ಟಣ ಇನ್ನೂ ದೂರ ಇರ್ತಿತ್ತು. ನಡಿ."

ತುದಿಯವರೆಗೆ ಹೋಗಿ ತಿರುಗಿದರು. ಈಗ ಗಾಳಿ ಎದುರಿನಿಂದ ಬೀಸುತ್ತಿತ್ತು, ಹಿಮದ ಪುಡಿ ಬಾನೆಟ್ಟಿನ ಮೇಲೆ ಹರಿದಾಡುತ್ತಿತ್ತು. ತೈಮಿ ಯಾವಾಗಲೋ ತಾನು ಮೂರು ಗಾಲಿಯ ಮೇಲೆ ರೇಸು ಮುಗಿಸಿದ ಕಥೆ ಹೇಳುತ್ತಿದ್ದಳು. ಮೊದಲು ಕೇಳಿರದವಳ ಹಾಗೆ ಹಿಲ್ಕಾ ಕೇಳುತ್ತಿದ್ದಳು. ಕಥೆಯ ನಡುವೆಯೇ ತೈಮಿ ಅದೇ ದನಿಯಲ್ಲಿ ಹೇಳಿದಳು: "ಈಗ ಕಾಲು ತೆಗಿ."

ತೆಗೆದಳು. ಕಾರು ಹೋಗುತ್ತಲೇ ಇತ್ತು.

ಎಂಜಿನ್ನಿನ ದನಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ಹಿಲ್ಕಾಳ ಕಾಲು ತಾನಾಗಿ ಬ್ರೇಕಿನತ್ತ ಹಾರಿತು.

"ಬೇಡ" ಎಂದಳು ತೈಮಿ. "ಎರಡೂ ಕಾಲು ಮೇಲೆತ್ತು."

"ಏನಂದೆ?"

"ಸೀಟಿನ ಮೇಲೆ ಇಟ್ಕೋ. ಚಕ್ಕಳಮಕ್ಕಳ ಹಾಕು ಬೇಕಾದ್ರೆ. ಸ್ಟಿಯರಿಂಗ್ ಬಿಡ್ಬೇಡ ಮಾತ್ರ. ಮುಂದೆ ದಾರಿ ಉದ್ದಕ್ಕಿದೆ, ನಾನಿದೀನಿ."

ಹಿಲ್ಕಾ ಎಡಗಾಲನ್ನು ಎತ್ತಿದಳು, ಬಲಗಾಲನ್ನು ಎತ್ತಿದಳು. ದೋಣಿಯಂಥ ಬೂಟುಗಳೆರಡನ್ನೂ ಸೀಟಿನಂಚಿಗೆ ಊರಿ, ಮೊಣಕಾಲುಗಳು ಸ್ಟಿಯರಿಂಗಿಗೆ ತಾಗುವಂತೆ ಮುದುರಿ ಕುಳಿತಳು. ಕೆಳಗೆ ಪೆಡಲ್ಲುಗಳ ಬಳಿ ಯಾರೂ ಇರಲಿಲ್ಲ. ಅಲ್ಲಿ ಒಂದು ಪೆಡಲ್ಲು ಮಾತ್ರ ಅದೃಶ್ಯ ಪಾದವೊಂದು ಮೆಟ್ಟಿದಂತೆ ತಗ್ಗಿಕೊಂಡಿತ್ತು. ಕಾರು ಅದೇ ವೇಗದಲ್ಲಿ, ಯಾರ ಕಾಲಿನ ಹಂಗೂ ಇಲ್ಲದೆ, ಬಿಳಿ ಕೆರೆಯ ಮೇಲೆ ಓಡುತ್ತಿತ್ತು. ಸ್ಪ್ರೂಸ್ ರೆಂಬೆಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು. ಅವಳಿಗೆ ಭಯವಾಗಬೇಕಿತ್ತು. ಆದರೆ ಒಳಗೆ ಎಲ್ಲೋ ತಿಂಗಳಿನಿಂದ ಹಿಡಿದುಕೊಂಡಿದ್ದ ಮುಷ್ಟಿಯೊಂದು ಬಿಚ್ಚಿಕೊಂಡಿತು, ಅವಳು ಮೊಣಕಾಲಿನ ಮೇಲೆ ಗಲ್ಲವಿಟ್ಟು ನಗತೊಡಗಿದಳು. ನಗುತ್ತಾ ಕಣ್ಣಲ್ಲಿ ನೀರು ಬಂತು.

"ಅಳೋದಾದ್ರೆ ನಿಲ್ಲಿಸಿ ಅಳು, ದಾರಿ ಕಾಣಲ್ಲ" ಎಂದಳು ತೈಮಿ. "ಎಡಗಾಲು ಇಳಿಸು, ಕ್ಲಚ್ ಒತ್ತು. ಅರಚುತ್ತೆ, ಅರಚ್ಲಿ. ಗೇರು ತೆಗಿ. ಈಗ ಕೀಲಿ ಒಂದು ಹಂತ ಮಾತ್ರ ಹಿಂದಕ್ಕೆ, ಪೂರ್ತಿ ಬೇಡ, ಸ್ಟಿಯರಿಂಗ್ ಬೀಗ ಬೀಳುತ್ತೆ. ಹಾಂ. ಈಗ ಬ್ರೇಕು. ಇದನ್ನ ನೆನಪಿಟ್ಕೋ."

ಕಾರು ಜಾರುತ್ತಾ ಹೋಗಿ ನಿಂತಿತು. ಕೆರೆಯ ಮೌನ ಕಿವಿಗೆ ಬಡಿಯಿತು. ತೈಮಿ ಆಗಲೇ ಹೊರಗಿಳಿದು ಬಾನೆಟ್ ಎತ್ತಿದ್ದಳು.

"ಬಾ ಇಲ್ಲಿ. ಬಿಸಿ ತಾಗಿ ಕರಗೋ ಮುಂಚೆ ನೋಡು."

ಎಂಜಿನ್ನಿನ ಪಕ್ಕದಲ್ಲಿ ಅಂಗೈಯಗಲದ ಒಂದು ಲೋಹದ ರಾಟೆ ಅರ್ಧ ತಿರುಗಿ ನಿಂತಿತ್ತು. ಕಪ್ಪು ಕೊಳವೆಯಿಂದ ಹೊರಬಂದ ತಂತಿಯ ತುದಿ ಅದಕ್ಕೆ ಸಿಕ್ಕಿಸಿತ್ತು. "ಇದೇ ಥ್ರಾಟಲ್ಲು, ನಾನು ಹೇಳಿದ ಗಾಳಿ ಬಾಗಿಲು. ಸುಮ್ಮನಿದ್ದಾಗ ಪೂರ್ತಿ ಮುಚ್ಕೊಂಡಿರ್ಬೇಕು. ನೋಡು, ತೆರ್ಕೊಂಡಿದೆ. ಈಗ ಪ್ರಶ್ನೆ, ಹಿಡ್ಕೊಂಡಿರೋದು ಇದಾ, ತಂತಿಯಾ? ತಂತಿ ತುದೀನ ಇದರಿಂದ ಬಿಡಿಸ್ತೀನಿ. ಆಮೇಲೂ ಇದು ಹೀಗೇ ನಿಂತ್ರೆ ಕಾಯಿಲೆ ಇದರದ್ದು."

ತೈಮಿ ಕೈಗವಸು ಕಳಚಿ ಹಲ್ಲಲ್ಲಿ ಕಚ್ಚಿಕೊಂಡು, ಆ ಚಳಿಯಲ್ಲಿ ಬರಿಗೈಯನ್ನು ಒಳಗೆ ಹಾಕಿದಳು. ಹೊಲಿಗೆಯವಳ ಬೆರಳುಗಳು, ತೊಂಬತ್ತು ಗುಂಡಿಗಳ ಸೋಫಾಕ್ಕೆ ದಾರ ಹಾಕುವ ಅದೇ ನಯದಿಂದ ತಂತಿಯ ತುದಿಯ ಪುಟ್ಟ ಗುಂಡನ್ನು ತೋಡಿನಿಂದ ಜಾರಿಸಿದವು. ಟಪ್ ಎಂದು ರಾಟೆ ಮುಚ್ಚಿಕೊಂಡಿತು.

"ಇದು ಸರಿಯಾಗಿದೆ. ತಂತಿ ಎಳಿ ನೋಡೋಣ."

ಹಿಲ್ಕಾ ಎಳೆದಳು. ಗೋಡೆಗೆ ಹೂತ ಮೊಳೆಯ ಹಾಗೆ ಅದು ಬರಲಿಲ್ಲ. ಕೊಳವೆ ಬಾಗುವ ಕಡೆ ತೈಮಿ ಬೆರಳಿಟ್ಟು ತೋರಿಸಿದಳು. ಅಲ್ಲಿನ ರಬ್ಬರು ತುಟಿಯ ಹಾಗೆ ಸೀಳಿತ್ತು. ಅದರ ಮೇಲೆ ಎರಡೂ ಅಂಗೈಗಳನ್ನು ಮುಚ್ಚಿ ತೈಮಿ ಸುಮ್ಮನೆ ನಿಂತಳು, ಗುಬ್ಬಿಮರಿಯನ್ನು ಹಿಡಿದವಳಂತೆ. ಅವಳ ಬೆರಳ ಗೆಣ್ಣುಗಳು ಕೆಂಪಾಗಿ ಆಮೇಲೆ ಬಿಳಿಚಿಕೊಂಡವು. ಹಿಲ್ಕಾ ತನ್ನ ಕೈಗಳನ್ನು ಅವಳ ಕೈಗಳ ಮೇಲೆ ಮುಚ್ಚಿದಳು. ಬಹಳ ಹೊತ್ತಾದ ಮೇಲೆ ತಂತಿ ಸಣ್ಣಗೆ ಮಿಸುಕಿ ಜಾರಿತು. ಅದರ ತುದಿಯಲ್ಲಿ ತುಕ್ಕಿನ ಬಣ್ಣದ ಒಂದು ಹನಿ ನೀರು ಮೂಡಿತು.

"ಇದಾ?" ಎಂದಳು ಹಿಲ್ಕಾ.

"ಇದೇ. ಒಳಗೆ ಹನಿ ನೀರು. ಕಾಲು ಅಲುಗ್ತಾ ಇದ್ರೆ ಹಿಡ್ಕೊಳ್ಳಲ್ಲ. ಒಂದೇ ಸಮ ಹೋದ್ರೆ, ಗಾಳಿ ಹೊಡೆದು ತಂತಿ ಸುತ್ತ ಮಂಜುಗಡ್ಡೆ ಕಟ್ಟುತ್ತೆ. ನಿಲ್ಲಿಸಿದ್ರೆ ಎಂಜಿನ್ ಬಿಸಿಗೆ ಕರಗುತ್ತೆ. ಗ್ಯಾರೇಜಿನವನಿಗೆ ಎಲ್ಲಿಂದ ಸಿಗ್ಬೇಕು?"

"ವಾರದ ದಿನ ಯಾಕಾಗಲ್ಲ?"

ತೈಮಿ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು, ಅದರ ಸುತ್ತ ಬೆರಳು ಸುತ್ತಿಕೊಂಡು, ದಡದ ಕಡೆ ನೋಡಿದಳು. "ವಾರವೆಲ್ಲ ಕಾರು ಎಲ್ಲಿರುತ್ತೆ?"

"ಅಂಗಳದಲ್ಲಿ."

"ಶನಿವಾರ?"

ಹಿಲ್ಕಾಳೂ ದಡದ ಕಡೆ, ಮನೆಯ ಕೊಟ್ಟಿಗೆಯತ್ತ ತಿರುಗಿದಳು. ಈ ಚಳಿಗಾಲದಲ್ಲಿ ಅವಳ ಭುಜದ ನೋವು ಹೆಚ್ಚಾಗಿತ್ತು. ಭಾನುವಾರ ಬೆಳಿಗ್ಗೆ ಗಾಜಿನ ಹಿಮ ಕೆರೆಯುವಾಗ ಅವಳು ಮುಖ ಕಿವುಚುವುದನ್ನು ಔಲಿಸ್ ಕಿಟಕಿಯಿಂದ ನೋಡಿದ್ದ. ಕ್ರಿಸ್‌ಮಸ್ ಆದ ಮೇಲೆ ಅವನು ಸೌನಾಕ್ಕೂ ಕೊಟ್ಟಿಗೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದ. ಶನಿವಾರ ಮಿಂದು ಮುಗಿದ ಮೇಲೆ ಕಾರನ್ನು ಒಳಗೆ ನಿಲ್ಲಿಸಿ ಕಿಂಡಿ ತೆರೆದಿಡುತ್ತಿದ್ದ, ಉಳಿದ ಬಿಸಿ ಹಾಳಾಗದೆ ರಾತ್ರಿಯೆಲ್ಲ ಕಾರನ್ನು ಬೆಚ್ಚಗಿಡಲಿ ಎಂದು. ಬಿಸಿಯ ಜೊತೆ ಹಬೆಯೂ ಬಂದು ಆ ಸೀಳಿನಲ್ಲಿ ನೀರಾಗುತ್ತದೆ ಎಂದು ಅವನಿಗೂ ಹೊಳೆದಿರಲಿಲ್ಲ, ಅವಳಿಗೂ ಇಲ್ಲ.

"ನನಗೋಸ್ಕರ ಮಾಡಿದ್ದು ಅದು" ಎಂದಳು.

"ಗೊತ್ತು. ಕೊಟ್ಟಿಗೆ ಒಳಗೆ ನೋಡಿದೆ."

"ಅಲ್ಲೇ ಯಾಕೆ ಹೇಳ್ಲಿಲ್ಲ?"

"ಗಂಡ ನಿನ್ನವನು. ನೀನೇ ಹೇಳು." ತೈಮಿ ಕಾಫಿಯ ಮುಚ್ಚಳವನ್ನು ಅವಳಿಗೆ ಕೊಟ್ಟಳು. ಊರಿನ ಎಲ್ಲರ ಬಾಯಿ ಮುಚ್ಚಿಸುವ ತೈಮಿ, ಒಂದು ಸುದ್ದಿ ಸಿಕ್ಕರೆ ಅಂಗಡಿಯವರೆಗೂ ಹೊತ್ತು ಮೆರೆಸುವ ತೈಮಿ, ಇಂಥ ಗೆಲುವನ್ನು ಬಾಯಲ್ಲಿಟ್ಟುಕೊಂಡು ಔಲಿಸ್‌ನ ಎದುರು ಕಾಫಿ ಕುಡಿದಿದ್ದಳು. ಅವಳನ್ನು ಪೂರ್ತಿ ಬಲ್ಲೆ ಎಂದುಕೊಂಡಿದ್ದ ಹಿಲ್ಕಾ ಆ ಕೆಂಪು ಗೆಣ್ಣುಗಳನ್ನು ನೋಡುತ್ತಾ ನಿಂತಳು.

ತೈಮಿ ತಂತಿಯನ್ನು ಮತ್ತೆ ಸಿಕ್ಕಿಸಿಕೊಟ್ಟಳು; ಮನೆಗೆ ಹೋಗುವ ದಾರಿಯಲ್ಲಿ ಹಿಲ್ಕಾಳ ನಾಲಿಗೆಯ ತುದಿಯಲ್ಲಿ ಚೂಪಾದ ಮಾತುಗಳು ಎಷ್ಟೋ ಬಂದವು. ಔಲಿಸ್ ಬಾಗಿಲಲ್ಲೇ ನಿಂತಿದ್ದ. ಕಿಟಕಿಯಿಂದ ಕೆರೆ ಕಾಣುತ್ತಿತ್ತು, ಅವನು ನೋಡುತ್ತಲೇ ಇದ್ದಿರಬೇಕು. ಅವಳು ನೋಡಿದ್ದಷ್ಟನ್ನೇ ನೋಡಿದ ಕ್ರಮದಲ್ಲಿ ಹೇಳಿದಳು. ಕಿಂಡಿಯ ಮಾತು ಬಂದಾಗ ಅವನ ಮುಖ ನೋಡದೆ ಬೂಟಿನ ದಾರ ಬಿಚ್ಚಿದಳು.

ಔಲಿಸ್ ಹೊರಗೆ ಹೋದ. ಕೊಟ್ಟಿಗೆಯ ಕಡೆಯಿಂದ ಸುತ್ತಿಗೆಯ ಸದ್ದು ಬಹಳ ಹೊತ್ತು ಕೇಳಿಸಿತು.

"ಒಂದು ಕಿಂಡಿಗೆ ಇಷ್ಟು ಮೊಳೆ ಬೇಕಾ" ಎಂದಳು ತೈಮಿ, ಬನ್ನನ್ನು ಕಾಫಿಗೆ ಅದ್ದುತ್ತಾ.

ಒಳಗೆ ಬಂದವನು ಟೋಪಿ ಕೈಯಲ್ಲಿ ಹಿಡಿದು ನಿಂತ. "ಮುಚ್ಚಿದೆ" ಎಂದ. ಆಮೇಲೆ, "ಅವತ್ತು ನಾನು ನಿನ್ನ ಕಾಲು ಅಂದೆ."

"ಅಂದೆ."

"ನಿನ್ನ ಕಾಲಲ್ಲ."

"ಅಲ್ಲ."

ಹಿಲ್ಕಾ ಕುರ್ಚಿ ಎಳೆದು ಅವನ ಮುಂದೆ ಬಟ್ಟಲಿಟ್ಟಳು. ಹೆಂಡತಿಯ ಮಾತಿಗಿಂತ ತನ್ನ ಕಣ್ಣನ್ನು ನಂಬಿದ್ದ ಅದೇ ಮನುಷ್ಯ ಅವಳ ಭುಜಕ್ಕಾಗಿ ಗೋಡೆ ಕೊರೆದಿದ್ದ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವಳಿಗೆ ಇನ್ನೂ ಕೆಲವು ದಿನ ಬೇಕಾಗುತ್ತದೆ.

ಹೊಸ ಕೇಬಲ್ ಬಂದಾಗ ತೈಮಿ ಹಾಕಲಿಲ್ಲ, ಹಿಲ್ಕಾಳ ಕೈಯಲ್ಲಿ ಹಾಕಿಸಿದಳು. ಹಳೆಯದರ ಬಾಲಕ್ಕೆ ದಾರ ಕಟ್ಟಿ ಎಳೆದು, ಅದೇ ದಾರದಲ್ಲಿ ಹೊಸದನ್ನು ಒಳಕ್ಕೆ ತರಿಸಿದಳು, ಸೊಂಟದ ಪಟ್ಟಿಗೆ ಲಾಡಿ ಪೋಣಿಸುವ ಹಾಗೆ. ಔಲಿಸ್ ಗ್ರೀಸಿನ ಡಬ್ಬಿ ತಂದಾಗ, "ಅದನ್ನ ನಿನ್ನ ಮೀಸೆಗೆ ಹಚ್ಕೋ. ಈ ಚಳೀಲಿ ಮೇಣ ಆಗುತ್ತೆ" ಎಂದು ಓಡಿಸಿದಳು. ಪೆಡಲ್ಲನ್ನು ಒತ್ತಿ ಬಿಟ್ಟರೆ ಟಪ್ ಎಂದು ಮೇಲೆ ಬರುತ್ತಿತ್ತು. ಹಿಲ್ಕಾ ಒತ್ತಿದಳು, ಬಿಟ್ಟಳು. ತೈಮಿ ಸಾಕು ಎನ್ನುವವರೆಗೂ ಅದನ್ನೇ ಮಾಡಿದಳು.

ಭಾನುವಾರ ಅವಳೊಬ್ಬಳೇ ಪಟ್ಟಣಕ್ಕೆ ಹೋದಳು. ಗಾಜಿನ ಹಿಮವನ್ನು ಔಲಿಸ್ ಎದ್ದು ಕೆರೆದಿಟ್ಟಿದ್ದ. ಐಲಾ ಕಿಟಕಿಯ ಬಳಿ ಕುಳಿತಿದ್ದವಳು ತಂಗಿಯ ಕೆಂಪಾದ ಕೆನ್ನೆಯನ್ನು ಬಹಳ ಹೊತ್ತು ನೋಡಿದಳು. ಹೆಸರು ನೆನಪಾಗಲಿಲ್ಲ. ಆದರೆ ಮನೆಯವಳೇ ಎಂದು ಅನ್ನಿಸಿರಬೇಕು.

"ಇಷ್ಟು ಚಳೀಲಿ ಯಾರು ಕರ್ಕೊಂಡು ಬಂದ್ರು?"

"ಯಾರೂ ಇಲ್ಲ. ನಾನೇ ಬಂದೆ."

ಐಲಾ ತಲೆಯಾಡಿಸಿದಳು. ಆಮೇಲೆ ಅಪ್ಪನ ಕಾಲದ ಯಾವುದೋ ಅಂಗಳದಲ್ಲಿ ನಿಂತವಳಂತೆ ಕಳವಳದಿಂದ ಕೇಳಿದಳು: "ಕುದುರೆ ಎಲ್ಲಿ ಕಟ್ಟಿದೆ?"

"ಹೊರಗೆ, ಬಯಲಲ್ಲಿ" ಎಂದಳು ಹಿಲ್ಕಾ, ಅಕ್ಕನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು. "ಒದ್ದೆಯಾಗದೆ ಇರ್ಲಿ ಅಂತ."